ಹೊಣೆ ಯಾರದು? ಕಲ್ಲಿದ್ದಲು ಪಾಠವನ್ನು ಎರಡನೇ ಸಲ ಬೋಧಿಸಿದ ಅನುಭವ

ಹಿನ್ನೆಲೆ

ಅಭ್ಯಾಸ ಬೋಧನೆಯ ಮೂರನೇ ವಾರದಲ್ಲಿ ನನ್ನ ಪಾಲಿಗೆ ಎಂಟನೇ ತರಗತಿಯ ‘ಕಲ್ಲಿದ್ದಲು ಮತ್ತು ಪೆಟ್ರೋಲಿಯಂ’ ಘಟಕ ಬಂದಿತು. ಶಾಲೆ ಇರುವುದು ರಾಯಚೂರು ಜಿಲ್ಲೆಯಲ್ಲಿ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ನಡೆಯುತ್ತಿರುವುದರಿಂದ ಇಲ್ಲಿಯ ಮಕ್ಕಳಿಗೆ ಕಲ್ಲಿದ್ದಲು ಹೊಸದಲ್ಲ. ಕರಿ ರಾಶಿ ಹೊತ್ತ ಗೂಡ್ಸ್ ರೈಲನ್ನು ನೋಡಿದ್ದಾರೆ, ಹಾರುಬೂದಿಯ ಹೆಸರು ಕೇಳಿದ್ದಾರೆ. ಆದರೆ ವ್ಯಾಗನ್ನಿಗೆ ಬೀಳುವ ಮೊದಲು ಆ ಕಲ್ಲಿದ್ದಲು ಎಲ್ಲಿತ್ತು, ಅದನ್ನು ಯಾರು, ಹೇಗೆ ತೆಗೆದರು ಎಂಬುದು ಅವರಿಗೂ ಗೊತ್ತಿರಲಿಲ್ಲ, ಪಾಠ ಸಿದ್ಧಪಡಿಸುವವರೆಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಪಠ್ಯದಲ್ಲಿ ಕಲ್ಲಿದ್ದಲಿನ ರಚನೆ, ಕೋಕ್, ಡಾಂಬರು, ಕಲ್ಲಿದ್ದಲು ಅನಿಲ ಮತ್ತು ಅವುಗಳ ಉಪಯೋಗಗಳಿವೆ. ಇವುಗಳ ಜೊತೆಗೆ ಭೂಗತ ಗಣಿಯ ಸುರಕ್ಷತೆ ಮತ್ತು ಪರಿಸರವನ್ನು ಒಂದು ವಿಸ್ತರಣಾ ಪಾಠವಾಗಿ ಬೋಧಿಸಬೇಕೆಂದು ಯೋಜಿಸಿದೆ. ‘ಎ’ ವಿಭಾಗದಲ್ಲಿ ಪಾಠ ಸೋತಿತು. ಅದನ್ನು ತಿದ್ದಿ ‘ಬಿ’ ವಿಭಾಗದಲ್ಲಿ ಮತ್ತೆ ಬೋಧಿಸಿದೆ. ಎರಡರ ನಡುವೆ ಏನು ಬದಲಾಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಇದೇ ಘಟಕ ಬೋಧಿಸಲಿರುವ ಸಹಪಾಠಿಗಳಿಗೆ ಉಪಯೋಗವಾಗಬಹುದು.

ಮೊದಲ ಪಾಠದಲ್ಲಿ ಆದದ್ದು

ಪೀಠಿಕೆಗೆ ಚಸ್ನಾಲಾ ದುರಂತವನ್ನು ಆರಿಸಿಕೊಂಡಿದ್ದೆ. 1975ರ ಡಿಸೆಂಬರ್ 27ರಂದು ಧನ್‌ಬಾದ್ ಬಳಿಯ ಚಸ್ನಾಲಾ ಕಲ್ಲಿದ್ದಲು ಗಣಿಯೊಳಗೆ, ಮೇಲ್ಭಾಗದ ಹಳೆಯ ಸುರಂಗಗಳಲ್ಲಿ ತುಂಬಿದ್ದ ನೀರು ಒಮ್ಮೆಲೇ ನುಗ್ಗಿತು. ಕೆಳಗೆ ಕೆಲಸ ಮಾಡುತ್ತಿದ್ದ 375 ಜನ ಸತ್ತರು. ಇದನ್ನು ಹೇಳಿದಾಗ ತರಗತಿ ಸ್ತಬ್ಧವಾಯಿತು. ಪೀಠಿಕೆ ಗೆದ್ದಿತೆಂದು ನಾನು ಒಳಗೊಳಗೇ ಹಿಗ್ಗಿದೆ. ನಂತರ, “ಇದನ್ನು ತಪ್ಪಿಸಲು ಏನು ಮಾಡಬೇಕಿತ್ತು?” ಎಂದು ಕೇಳಿದೆ.

“ನೋಡ್ಕೊಂಡು ಕೆಲ್ಸಾ ಮಾಡ್ಬೇಕಿತ್ರಿ ಟೀಚರ್.”

“ಹೆಲ್ಮೆಟ್ ಹಾಕ್ಕೋಬೇಕಿತ್ರಿ.”

“ಜಾಗ್ರತೀಲೆ ಇರ್ಬೇಕಿತ್ರಿ.”

ನಾನು ಕಪ್ಪುಹಲಗೆಯ ಮೇಲೆ ‘ಎಚ್ಚರಿಕೆ’ ಎಂದು ಬರೆದು ಸುತ್ತ ವೃತ್ತ ಎಳೆದೆ. ಆಗ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ನೀರು ಮ್ಯಾಲಿತ್ತು ಅಂದ್ರಿ. ಕೆಳಗಿದ್ದವ್ರಿಗೆ ಅದು ಹೆಂಗ್ ಕಾಣ್ತಿತ್ರಿ?” ಎಂದು ಕೇಳಿದಳು. “ಒಳ್ಳೆಯ ಪ್ರಶ್ನೆ, ಕೂತ್ಕೋ” ಎಂದು ಹೇಳಿ ಮುಂದಿನ ಕಲಿಕಾಂಶಕ್ಕೆ ಹೋದೆ.

ಪಾಠ ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕಿ ಎರಡೇ ಸಾಲು ಬರೆದಿದ್ದರು. ‘ಎಚ್ಚರಿಕೆ’ ಎಂಬ ಉತ್ತರವನ್ನು ನೀವು ಏಕೆ ಒಪ್ಪಿದಿರಿ? ಆ ಹುಡುಗಿಯ ಪ್ರಶ್ನೆಯೇ ನಿಮ್ಮ ಪಾಠವಾಗಬೇಕಿತ್ತು.

ಅವತ್ತು ಸಂಜೆ ಅದನ್ನು ಮತ್ತೆ ಮತ್ತೆ ಓದಿದೆ. ಹೆಲ್ಮೆಟ್ ಹಾಕಿಕೊಂಡರೂ, ಎಷ್ಟು ಜಾಗ್ರತೆಯಿಂದ ಇದ್ದರೂ, ತಲೆಯ ಮೇಲಿನ ಬಂಡೆಯ ಆಚೆ ಎಷ್ಟು ನೀರಿದೆ ಎಂಬುದು ಕೆಳಗಿದ್ದವನಿಗೆ ಕಾಣುವುದಿಲ್ಲ. ಅದು ಕಾಣುವುದು ನಕ್ಷೆಯಲ್ಲಿ. ನಕ್ಷೆ ಇರುವುದು ಗಣಿ ನಡೆಸುವವರ ಕೈಯಲ್ಲಿ. ಅಂದರೆ ಸತ್ತವರೇ ನೋಡಿಕೊಳ್ಳಬೇಕಿತ್ತು ಎಂಬ ಉತ್ತರಕ್ಕೆ ನಾನು ಸೀಮೆಸುಣ್ಣದಿಂದ ವೃತ್ತ ಎಳೆದಿದ್ದೆ. ಇದು ಬರೀ ಬೋಧನಾ ತಂತ್ರದ ತಪ್ಪಲ್ಲ, ವಿಜ್ಞಾನದ ತಪ್ಪೂ ಹೌದು.

ಮರುಯೋಜನೆ

ಎರಡನೇ ಪಾಠಕ್ಕೆ ಒಂದೇ ಮುಖ್ಯ ಉದ್ದೇಶ ಇಟ್ಟುಕೊಂಡೆ: ಗಣಿಯ ಪ್ರತಿಯೊಂದು ನಿಯಮದ ಹಿಂದೆ ಒಂದು ವೈಜ್ಞಾನಿಕ ಕಾರಣವಿದೆ ಮತ್ತು ಅದನ್ನು ಜಾರಿಗೊಳಿಸುವ ಒಬ್ಬ ಹೊಣೆಗಾರನಿದ್ದಾನೆ ಎಂಬುದನ್ನು ವಿದ್ಯಾರ್ಥಿ ಗುರುತಿಸಬೇಕು. ಇದಕ್ಕೆ ಹೊಂದುವಂತೆ ಕಪ್ಪುಹಲಗೆಯನ್ನು ಮೂರು ಕಂಬಸಾಲುಗಳಾಗಿ ಮಾಡಿದೆ: ‘ಅಪಾಯ’, ‘ಏಕೆ?’, ‘ಯಾರು, ಏನು ಮಾಡಬೇಕು?’. ಮೂರನೇ ಕಂಬಸಾಲಿನಲ್ಲಿ ‘ಎಚ್ಚರಿಕೆ’ ಎಂಬ ಪದವನ್ನು ಬರೆಯುವಂತಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿದೆ. ಮಾಡುವ ಕೆಲಸವನ್ನು ಮಾತ್ರ ಬರೆಯಬೇಕು.

ಪೂರ್ವಜ್ಞಾನವಾಗಿ ಎಂಟನೇ ತರಗತಿಯದೇ ಬೇರೆ ಎರಡು ಘಟಕಗಳನ್ನು ಬಳಸಿಕೊಂಡೆ: ‘ದಹನ ಮತ್ತು ಜ್ವಾಲೆ’ ಹಾಗೂ ‘ಬಲ ಮತ್ತು ಒತ್ತಡ’. ಪಾಠಕ್ಕೆ ತಲಾ 40 ನಿಮಿಷದ ಎರಡು ಅವಧಿ ಬೇಕಾಯಿತು.

ಮೊದಲ ಅವಧಿ: ಗಾಳಿ ಮತ್ತು ಅನಿಲ

ಭೂಗತ ಗಣಿ ಹೇಗಿರುತ್ತದೆ ಎಂಬುದರಿಂದ ಆರಂಭಿಸಿದೆ. ನಮ್ಮ ದೇಶದ ಹಲವು ಭೂಗತ ಗಣಿಗಳಲ್ಲಿ ಕಲ್ಲಿದ್ದಲಿನ ಪದರದೊಳಗೆ ಅಡ್ಡಡ್ಡ, ಉದ್ದುದ್ದ ಸುರಂಗ ಕೊರೆಯುತ್ತಾರೆ. ನಡುವೆ ಚೌಕ ಚೌಕವಾಗಿ ಉಳಿಯುವ ಕಲ್ಲಿದ್ದಲೇ ಛಾವಣಿಗೆ ಕಂಬ. ಮೇಲಿನಿಂದ ನೋಡಿದರೆ ಹೊಸ ಬಡಾವಣೆಯ ನಕ್ಷೆಯಂತೆ ಕಾಣುತ್ತದೆ: ಸುರಂಗಗಳು ರಸ್ತೆಗಳು, ಕಂಬಗಳು ಮನೆಗಳು. ಈ ಚಿತ್ರ ಮನಸ್ಸಿನಲ್ಲಿ ಕೂರದೆ ಮುಂದಿನದು ಅರ್ಥವಾಗುವುದಿಲ್ಲವಾದ್ದರಿಂದ ಪ್ರತಿಯೊಬ್ಬರಿಂದಲೂ ನೋಟ್‌ಬುಕ್ಕಿನಲ್ಲಿ ಬರೆಸಿದೆ.

ಚಟುವಟಿಕೆ 1. ಪಾದರಕ್ಷೆಯ ಖಾಲಿ ರಟ್ಟಿನ ಪೆಟ್ಟಿಗೆಯ ಮುಚ್ಚಳದಲ್ಲಿ ಎರಡು ತೂತು ಮಾಡಿ, ಎರಡು ರಟ್ಟಿನ ಕೊಳವೆ ನಿಲ್ಲಿಸಿದೆ. ಒಳಗೆ ಒಂದು ಕೊಳವೆಯ ಕೆಳಗೆ ಗಿಡ್ಡ ಮೇಣದಬತ್ತಿ ಹಚ್ಚಿಟ್ಟೆ. ಪೆಟ್ಟಿಗೆಯ ಮುಂಭಾಗ ಕತ್ತರಿಸಿ ಪಾರದರ್ಶಕ ಹಾಳೆ ಅಂಟಿಸಿದ್ದರಿಂದ ಒಳಗೆ ಆಗುವುದು ಕಾಣುತ್ತಿತ್ತು. ಉರಿಯುವ ಊದಿನಕಡ್ಡಿಯನ್ನು ಇನ್ನೊಂದು ಕೊಳವೆಯ ಬಾಯಿಗೆ ಹಿಡಿದಾಗ ಹೊಗೆ ಮೇಲೆ ಹೋಗದೆ ಕೆಳಗಿಳಿದು, ಪೆಟ್ಟಿಗೆಯೊಳಗೆ ಸಾಗಿ, ಮೇಣದಬತ್ತಿಯ ಕೊಳವೆಯಿಂದ ಹೊರಬಂತು. ಆಮೇಲೆ ಹೊಗೆ ಇಳಿಯುತ್ತಿದ್ದ ಕೊಳವೆಯನ್ನು ಅಂಗೈಯಿಂದ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಜ್ವಾಲೆ ಮಂಕಾಯಿತು. ಗಣಿಗೆ ಕನಿಷ್ಠ ಎರಡು ಪ್ರತ್ಯೇಕ ದಾರಿಗಳಿರಬೇಕು ಎಂಬ ನಿಯಮ ಏಕೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. “ಒಂದರಾಗ ಬರ್ಬೇಕು, ಒಂದರಾಗ ಹೋಗ್ಬೇಕು” ಎಂದು ಮಕ್ಕಳೇ ಹೇಳಿದರು. ಒಂದು ದಾರಿ ಕುಸಿದರೆ ಜನ ಹೊರಬರಲು ಇನ್ನೊಂದು ಬೇಕು ಎಂಬುದನ್ನು ನಾನು ಸೇರಿಸಿದೆ. ಹಿಂದೆ ಕೆಲವು ಗಣಿಗಳಲ್ಲಿ ಹೀಗೆಯೇ ಕುಲುಮೆ ಉರಿಸಿ ಗಾಳಿ ಎಳೆಯುತ್ತಿದ್ದರು. ಈಗ ಆ ಕೆಲಸವನ್ನು ದೊಡ್ಡ ಫ್ಯಾನ್ ಮಾಡುತ್ತದೆ. ನಮ್ಮ ಕಲ್ಲಿದ್ದಲು ಗಣಿ ನಿಯಮಾವಳಿಯ ಪ್ರಕಾರ ಜನ ಕೆಲಸ ಮಾಡುವ ಜಾಗದ ಗಾಳಿಯಲ್ಲಿ ಆಮ್ಲಜನಕ ಶೇ. 19ಕ್ಕಿಂತ ಕಡಿಮೆಯಾಗಬಾರದು, ಇಂಗಾಲದ ಡೈಆಕ್ಸೈಡ್ ಶೇ. 0.5ನ್ನು ಮೀರಬಾರದು.

ಚಟುವಟಿಕೆ 2. ಕಲ್ಲಿದ್ದಲಿನ ಪದರದಲ್ಲಿ ಸಿಕ್ಕಿಕೊಂಡಿರುವ ಮೀಥೇನ್, ಕಲ್ಲಿದ್ದಲು ಕತ್ತರಿಸಿದಾಗ ಹೊರಬರುತ್ತದೆ. ಇದರ ಬಗ್ಗೆ ಪ್ರಯೋಗ ಮಾಡುವಂತಿಲ್ಲ, ಆದ್ದರಿಂದ ಲೆಕ್ಕ ಮಾಡಿಸಿದೆ. 1 ಲೀಟರ್ ಮೀಥೇನ್ ಪೂರ್ತಿ ಉರಿಯಲು 2 ಲೀಟರ್ ಆಮ್ಲಜನಕ ಬೇಕು. ಗಾಳಿಯಲ್ಲಿ ಆಮ್ಲಜನಕ ಸುಮಾರು ಐದರಲ್ಲಿ ಒಂದು ಪಾಲು. ಹಾಗಾದರೆ ಎಷ್ಟು ಗಾಳಿ ಬೇಕು? ಸುಮಾರು 10 ಲೀಟರ್. ಅಂದರೆ ಮಿಶ್ರಣದಲ್ಲಿ ಮೀಥೇನ್ ಶೇ. 9ರಿಂದ 10ರಷ್ಟಿದ್ದಾಗ ಸ್ಫೋಟ ಅತ್ಯಂತ ತೀವ್ರ. ಮಕ್ಕಳು ಮಗ್ಗಿಯಷ್ಟೇ ಬಳಸಿ ಈ ಸಂಖ್ಯೆ ತಲುಪಿದ್ದು ನನಗೆ ಸಂತೋಷ ಕೊಟ್ಟಿತು. ಆಮೇಲೆ ಉಳಿದ ಸಂಖ್ಯೆಗಳನ್ನು ಕೊಟ್ಟೆ: ಮೀಥೇನ್ ಗಾಳಿಯಲ್ಲಿ ಸುಮಾರು ಶೇ. 5ರಿಂದ 15ರವರೆಗೆ ಇದ್ದಾಗ ಸ್ಫೋಟಿಸಬಲ್ಲದು. ಆದರೆ ನಿಯಮದ ಪ್ರಕಾರ ಶೇ. 1.25 ತಲುಪಿದಾಗಲೇ ವಿದ್ಯುತ್ ಕಡಿತ ಮಾಡಿ ಜನರನ್ನು ಅಲ್ಲಿಂದ ಹೊರಗೆ ಕಳುಹಿಸಬೇಕು.

“ಐದರವರೆಗೂ ಏನೂ ಆಗೋದಿಲ್ಲ ಅಂದರೆ ಒಂದೂಕಾಲಿಗೇ ಕೆಲಸ ಏಕೆ ನಿಲ್ಲಿಸಬೇಕು?” ಎಂದು ಕೇಳಿದೆ. ಇಡೀ ಪಾಠದಲ್ಲಿ ಹೆಚ್ಚು ಚರ್ಚೆ ಎದ್ದದ್ದು ಈ ಪ್ರಶ್ನೆಗೆ. ಮೀಟರ್ ನೋಡುವಷ್ಟರಲ್ಲಿ ಹೆಚ್ಚಾಗಬಹುದು ಎಂದು ಒಬ್ಬ ಹೇಳಿದ. ಓಡಿ ಹೋಗಲು ಸಮಯ ಬೇಕು ಎಂದು ಇನ್ನೊಬ್ಬಳು. ಮೀಥೇನ್ ಗಾಳಿಗಿಂತ ಹಗುರವಾದ್ದರಿಂದ ಛಾವಣಿಯ ಮೂಲೆಗಳಲ್ಲಿ ಕೂಡಿಕೊಳ್ಳುತ್ತದೆ, ಅಳೆದ ಜಾಗದಲ್ಲಿ 1 ಇದ್ದರೆ ತಲೆಯ ಮೇಲೆ 5 ಇರಬಹುದು ಎಂಬುದನ್ನು ನಾನು ಹೇಳಿದೆ. ನಿಯಮದ ಸಂಖ್ಯೆಯೆಂದರೆ ಅಪಾಯದ ಗೆರೆಯಲ್ಲ, ಅಪಾಯಕ್ಕೆ ಮೊದಲೇ ಎಳೆದ ಗೆರೆ ಎಂಬ ಮಾತು ಇಲ್ಲಿಂದ ತರಗತಿಗೆ ಬಂತು.

ಚಟುವಟಿಕೆ 3. ಉರಿಯುವ ಮೇಣದಬತ್ತಿಯ ಜ್ವಾಲೆಯ ಮೇಲೆ ಲೋಹದ ತಂತಿಜಾಲರಿಯನ್ನು ನಿಧಾನವಾಗಿ ಇಳಿಸಿದೆ. ಜಾಲರಿಗೆ ಮಧ್ಯದಲ್ಲಿ ಲೇಪನ ಇರಬಾರದು. ಹೊಗೆ ಜಾಲರಿ ದಾಟಿತು, ಜ್ವಾಲೆ ದಾಟಲಿಲ್ಲ. ಲೋಹ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ಮೇಲಿನ ಅನಿಲ ಜ್ವಲನ ತಾಪಕ್ಕೆ ಏರುವುದಿಲ್ಲ. ಹಂಫ್ರಿ ಡೇವಿ 1815ರಲ್ಲಿ ರೂಪಿಸಿದ ಸುರಕ್ಷಾ ದೀಪದ ತತ್ತ್ವ ಇದೇ. ಆ ದೀಪದ ಜ್ವಾಲೆಯ ಮೇಲೆ ನಸುನೀಲಿ ಟೋಪಿ ಕಂಡರೆ ಮೀಥೇನ್ ಇದೆ ಎಂದರ್ಥ. ಒಂದೇ ಸಾಧನ ರಕ್ಷಣೆಯನ್ನೂ ಕೊಟ್ಟಿತು, ಅಳತೆಯನ್ನೂ ಕೊಟ್ಟಿತು.

ಅವಧಿಯ ಕೊನೆಗೆ ಮೂರನೇ ಕಂಬಸಾಲನ್ನು ತುಂಬಿದೆವು. ಫ್ಯಾನ್ ಹಾಕಿಸುವವರು ಗಣಿ ಮಾಲೀಕರು. ಅದು ನಿರಂತರ ನಡೆಯುವಂತೆ ನೋಡಿಕೊಳ್ಳುವವರು ವ್ಯವಸ್ಥಾಪಕರು. ಪಾಳಿ ಶುರುವಾಗುವ ಮೊದಲು ತನ್ನ ಭಾಗದಲ್ಲಿ ಅನಿಲ, ಛಾವಣಿ ಪರೀಕ್ಷಿಸಿ ವರದಿ ಬರೆಯುವವರು ಮೈನಿಂಗ್ ಸರ್ದಾರ್. ಕಲ್ಲಿದ್ದಲಿನ ನಯವಾದ ಧೂಳೂ ಸ್ಫೋಟಿಸಬಲ್ಲದಾದ್ದರಿಂದ ಅದರ ಮೇಲೆ ಸುಣ್ಣಕಲ್ಲಿನ ಪುಡಿ ಹರಡಿಸುವುದು, ನೀರು ಸಿಂಪಡಿಸುವುದು ಕೂಡ ಆಡಳಿತದ ಕೆಲಸ. 1965ರ ಮೇ 28ರಂದು ಧೋರಿ ಗಣಿಯ ಸ್ಫೋಟದಲ್ಲಿ 268 ಜನ ಸತ್ತರು ಎಂಬುದನ್ನು ಇಲ್ಲಿ ಹೇಳಿದೆ. ಈ ಸಲ ಸಂಖ್ಯೆ ಪಾಠದ ಆರಂಭಕ್ಕೆ ಬರಲಿಲ್ಲ, ಕಾರಣ ತಿಳಿದ ಮೇಲೆ ಬಂತು.

ಎರಡನೇ ಅವಧಿ: ಛಾವಣಿ, ನೀರು, ನೆಲ

ಛಾವಣಿ. ಆರು ಸೀಮೆಸುಣ್ಣದ ತುಂಡುಗಳನ್ನು ನಿಲ್ಲಿಸಿ ಮೇಲೆ ಪುಸ್ತಕಗಳನ್ನು ಪೇರಿಸಿದೆವು. ಒಂದೊಂದೇ ಸೀಮೆಸುಣ್ಣ ತೆಗೆದಾಗ ಯಾವ ಹಂತದಲ್ಲಿ ಕುಸಿಯುತ್ತದೆ ಎಂದು ಮಕ್ಕಳು ಮೊದಲೇ ಊಹಿಸಿ ಬರೆದರು. ಹೆಚ್ಚಿನವರ ಊಹೆ ತಪ್ಪಾಯಿತು, ಏಕೆಂದರೆ ಎಷ್ಟು ತೆಗೆದೆವು ಎಂಬುದಷ್ಟೇ ಅಲ್ಲ, ಯಾವುದನ್ನು ತೆಗೆದೆವು ಎಂಬುದೂ ಮುಖ್ಯ. ಬಂಡೆಯ ಸಾಂದ್ರತೆ ನೀರಿನ ಸುಮಾರು ಎರಡೂವರೆ ಪಟ್ಟು. ಹಾಗಾದರೆ 100 ಮೀಟರ್ ಆಳದಲ್ಲಿ ಒಂದು ಚದರ ಮೀಟರಿನ ಮೇಲೆ ಎಷ್ಟು ಭಾರ? 250 ಟನ್. ಸುರಂಗದ ಅಗಲ ಸಾಮಾನ್ಯವಾಗಿ 4.8 ಮೀಟರ್, ಎತ್ತರ 3 ಮೀಟರ್ ಮೀರಬಾರದು, ಆಳ ಹೆಚ್ಚಿದಂತೆ ಕಂಬಗಳು ದೊಡ್ಡದಾಗಬೇಕು ಎಂಬ ನಿಯಮಗಳು ಈ ಲೆಕ್ಕದ ಮಕ್ಕಳೇ. ಅನುಭವಿಗಳು ಛಾವಣಿಯನ್ನು ಕೋಲಿನಿಂದ ತಟ್ಟಿ ಸದ್ದು ಕೇಳುತ್ತಾರೆ: ಗಟ್ಟಿ ಬಂಡೆ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊಳ್ಳಾಗಿ ಕೇಳುತ್ತದೆ. “ಮಡಕಿ ತಗೋಳುವಾಗ ನಮ್ಮವ್ವ ಹಂಗೇ ಬಡಿತಾಳ್ರಿ” ಎಂದ ಒಬ್ಬ ಹುಡುಗ. ಅದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಾಠಯೋಜನೆಯಲ್ಲಿರಲಿಲ್ಲ.

ನೀರು. ಪ್ಲಾಸ್ಟಿಕ್ ಬಾಟಲಿಗೆ ಬೇರೆ ಬೇರೆ ಎತ್ತರದಲ್ಲಿ ಮೂರು ತೂತು ಮಾಡಿ ನೀರು ತುಂಬಿದೆವು. ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ರಭಸವಾಗಿ ಚಿಮ್ಮಿತು. ಇದು ಅವರಿಗೆ ಗೊತ್ತಿದ್ದ ಪ್ರಯೋಗವೇ. ಆದರೆ ಬಾಟಲಿಯ ಬದಲು, 60 ಮೀಟರ್ ಎತ್ತರಕ್ಕೆ ನೀರು ತುಂಬಿದ ಹಳೆಯ ಗಣಿ ಎಂದುಕೊಳ್ಳಿ ಎಂದಾಗ ಲೆಕ್ಕ ಬೇರೆಯೇ ಆಯಿತು. ಅಡಿಯ ಒಂದು ಚದರ ಮೀಟರಿನ ಮೇಲೆ 60 ಟನ್ ನೀರಿನ ಭಾರ. ನಡುವಿನ ಬಂಡೆಯ ಗೋಡೆ ತೆಳುವಾದರೆ ಅದು ತಡೆಯುವುದಿಲ್ಲ.

ಇಲ್ಲಿ ‘ಎ’ ವಿಭಾಗದ ಹುಡುಗಿಯ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ: ‘ಕೆಳಗಿದ್ದವರಿಗೆ ಅದು ಹೇಗೆ ಕಾಣುತ್ತಿತ್ತು?’ ಉತ್ತರವನ್ನು ಮೂರು ಹಂತಗಳಲ್ಲಿ ಕಟ್ಟಿದೆವು. ಒಂದು, ನಕ್ಷೆ. ಗಣಿಯಲ್ಲಿ ಅರ್ಹ ಸರ್ವೆಯರ್ ಇರಬೇಕು, ನಕ್ಷೆಯನ್ನು ಕಾಲಕಾಲಕ್ಕೆ ತಿದ್ದುತ್ತಿರಬೇಕು, ಗಣಿ ಮುಚ್ಚುವಾಗ ಅದರ ನಕ್ಷೆಯನ್ನು ಸರ್ಕಾರದ ಗಣಿ ಸುರಕ್ಷತಾ ಇಲಾಖೆಗೆ ಒಪ್ಪಿಸಬೇಕು. ಎರಡು, ಅಂತರ. ನೀರಿಲ್ಲವೆಂದು ಪರೀಕ್ಷಿಸಿ ಖಚಿತಪಡಿಸಿಕೊಳ್ಳದ ಹಳೆಯ ಸುರಂಗಕ್ಕೆ 60 ಮೀಟರ್ ಸಮೀಪ ಬಂದಾಗ ಇಲಾಖೆಯ ಅನುಮತಿಯಿಲ್ಲದೆ ಮುಂದೆ ಅಗೆಯುವಂತಿಲ್ಲ. ಮೂರು, ರಂಧ್ರ. ಅನುಮತಿ ಸಿಕ್ಕರೂ ಮುಂದಕ್ಕೆ ಮತ್ತು ಪಕ್ಕಗಳಿಗೆ ಸಣ್ಣ ರಂಧ್ರ ಕೊರೆದು ನೋಡುತ್ತಾ ಸಾಗಬೇಕು. ಕತ್ತಲೆ ಕೋಣೆಯಲ್ಲಿ ಕೈ ಚಾಚಿ ತಡವುತ್ತಾ ನಡೆದಂತೆ.

ಆಮೇಲೆ ಚಸ್ನಾಲಾದ ಘಟನೆ ಹೇಳಿದೆ. ನೀರಿನ ಅಪಾಯ ತಡೆಯುವ ನಿಯಮಗಳು 1957ರ ನಿಯಮಾವಳಿಯಲ್ಲೇ ಇದ್ದವು, ಆದರೂ 1975ರಲ್ಲಿ ನೀರು ನುಗ್ಗಿತು. ನಿಯಮ ಇರುವುದು ಬೇರೆ, ಅದನ್ನು ನಡೆಸುವುದು ಬೇರೆ. ಜೊತೆಗೆ ಮಹಾಬೀರ್ ಗಣಿಯ ಘಟನೆಯನ್ನೂ ಹೇಳಿದೆ. 1989ರ ನವೆಂಬರ್ 13ರಂದು ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶದ ಈ ಗಣಿಗೆ ನೀರು ನುಗ್ಗಿ 71 ಜನ ಸಿಕ್ಕಿಕೊಂಡರು. 6 ಜನ ಸತ್ತರು. ಉಳಿದವರಿದ್ದ ಜಾಗಕ್ಕೆ ಮೇಲಿನಿಂದ ರಂಧ್ರ ಕೊರೆದು, ಉಕ್ಕಿನ ಕೋಶವೊಂದನ್ನು ಇಳಿಸಿ, ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಒಳಗಿಳಿದು 65 ಜನರನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. “ರಂಧ್ರವನ್ನು ಎಲ್ಲಿ ಕೊರೆಯಬೇಕೆಂದು ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದೆ. “ನಕ್ಷೆ!” ಎಂದು ತರಗತಿಯೇ ಕೂಗಿತು.

ನೆಲ ಮತ್ತು ಪರಿಸರ. ಸುರಕ್ಷತೆ ಒಂದು ಪಾಠ, ಪರಿಸರ ಇನ್ನೊಂದು ಪಾಠ ಎಂದು ಮೊದಲು ಬೇರೆ ಮಾಡಿದ್ದೆ. ಸಿದ್ಧತೆಗಾಗಿ ಓದುತ್ತಾ ಹೋದಂತೆ ಅವೆರಡೂ ಒಂದೇ ಎಂದು ಗೊತ್ತಾಯಿತು. ಕಲ್ಲಿದ್ದಲು ತೆಗೆದ ಮೇಲೆ ಉಳಿಯುವ ಟೊಳ್ಳನ್ನು ಹಾಗೇ ಬಿಟ್ಟರೆ ಕಾಲಕ್ರಮದಲ್ಲಿ ಕಂಬ ಕುಸಿದು ಮೇಲಿನ ನೆಲ ತಗ್ಗುತ್ತದೆ. ಮನೆ, ಹೊಲ ಬಿರುಕು ಬಿಡುತ್ತವೆ, ಬಾವಿಯ ನೀರು ಕೆಳಗಿಳಿಯುತ್ತದೆ. ಆ ಬಿರುಕಿನಿಂದ ಗಾಳಿ ಒಳಹೋದರೆ ಉಳಿದ ಕಲ್ಲಿದ್ದಲು ಆಮ್ಲಜನಕದೊಡನೆ ನಿಧಾನವಾಗಿ ವರ್ತಿಸಿ, ಬಿಸಿಯಾಗಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಜಾರ್ಖಂಡಿನ ಝರಿಯಾದಲ್ಲಿ ಇಂಥ ಬೆಂಕಿ ಮೊದಲು ಕಂಡದ್ದು 1916ರಲ್ಲಿ. ನೂರು ವರ್ಷ ಕಳೆದ ಮೇಲೂ ಆ ಪ್ರದೇಶದ ನೆಲದಡಿ ಬೆಂಕಿ ಉಳಿದಿತ್ತು. ಟೊಳ್ಳಿಗೆ ಮರಳು ತುಂಬಿಸುವುದು, ಬಿಟ್ಟ ಭಾಗಗಳನ್ನು ಗಾಳಿಯಾಡದಂತೆ ಗೋಡೆ ಕಟ್ಟಿ ಮುಚ್ಚುವುದು ಇದಕ್ಕೆ ಪರಿಹಾರ. ಮುಚ್ಚಿದ ಭಾಗದಲ್ಲಿ ನೀರು ಕೂಡಿಕೊಳ್ಳುತ್ತದೆ. ಅದನ್ನು ನಕ್ಷೆಯಲ್ಲಿ ಗುರುತಿಸದಿದ್ದರೆ ಮುಂದಿನ ತಲೆಮಾರಿನ ಗಣಿಗೆ ಅದೇ ಕಂಟಕ. ಹೀಗೆ ಒಂದು ಕೆಲಸ ಇನ್ನೊಂದಕ್ಕೆ ಕೊಂಡಿಯಾಗುತ್ತದೆ.

ಗಣಿಯಿಂದ ಪಂಪ್ ಮಾಡಿದ ನೀರಿನ ವಿಷಯವೂ ಹಾಗೆಯೇ. ಅದನ್ನು ತೊಟ್ಟಿಗಳಲ್ಲಿ ತಿಳಿಯಾಗಿಸಿ, ಪರೀಕ್ಷಿಸಿ ಹೊರಬಿಡಬೇಕು. ಗಂಧಕ ಹೆಚ್ಚಿರುವ ಕಲ್ಲಿದ್ದಲಿನಲ್ಲಿ ಪೈರೈಟ್ ಎಂಬ ಖನಿಜ ಗಾಳಿ ಮತ್ತು ನೀರಿನೊಡನೆ ಸೇರಿ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳ ನದಿಗಳು ಹೀಗೆ ಆಮ್ಲೀಯವಾಗಿವೆ. ಅಲ್ಲಿಯ ಇಲಿಬಿಲದಂಥ ಕಿರುಸುರಂಗಗಳ ಗಣಿಗಾರಿಕೆಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ಆದರೂ 2018ರ ಡಿಸೆಂಬರ್ 13ರಂದು ಕ್ಸಾನ್ ಎಂಬಲ್ಲಿ ಅಂಥ ಗಣಿಗೆ ನೀರು ನುಗ್ಗಿ ಹತ್ತಾರು ಜನ ಸಿಕ್ಕಿಕೊಂಡರು. ನಮ್ಮ ಕಪ್ಪುಹಲಗೆಯ ಮೂರನೇ ಕಂಬಸಾಲಿನಲ್ಲಿರುವ ಸರ್ವೆಯರ್, ವ್ಯವಸ್ಥಾಪಕ, ಅನುಮತಿ, ಇವು ಯಾವುವೂ ಇಲ್ಲದ ಕಡೆ ನದಿಯೂ ಹಾಳಾಗುತ್ತದೆ, ಜನರೂ ಸಾಯುತ್ತಾರೆ ಎಂಬುದಕ್ಕೆ ಇದು ಉದಾಹರಣೆಯಾಯಿತು.

ಕಾನೂನಿನ ಭಾಗವನ್ನು ಎಷ್ಟು ಹೇಳಬೇಕು?

ಎಂಟನೇ ತರಗತಿಗೆ ಕಲಂಗಳ ಪಟ್ಟಿ ಬೇಡ. ಆದರೆ ಶಿಕ್ಷಕರಿಗೆ ಚೌಕಟ್ಟು ಗೊತ್ತಿರಬೇಕು. 1952ರ ಗಣಿ ಕಾಯ್ದೆ ಮಾಲೀಕ, ಏಜೆಂಟ್ ಮತ್ತು ವ್ಯವಸ್ಥಾಪಕರ ಮೇಲೆ ಹೊಣೆ ಹೊರಿಸಿತು. 18 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ಗಣಿ ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿತು. ಅಪಘಾತವಾದರೆ ತಿಳಿಸಬೇಕು ಎಂದಿತು, ಅಪಾಯ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರವನ್ನು ಇನ್‌ಸ್ಪೆಕ್ಟರರಿಗೆ ಕೊಟ್ಟಿತು. ಕಲ್ಲಿದ್ದಲು ಗಣಿಗಳ ತಾಂತ್ರಿಕ ವಿವರಗಳಿರುವ 1957ರ ನಿಯಮಾವಳಿಯ ಜಾಗಕ್ಕೆ 2017ರ ನಿಯಮಾವಳಿ ಬಂದಿದೆ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ, ಗಣಿ ಕಾಯ್ದೆಯೂ ಸೇರಿದಂತೆ 13 ಕಾನೂನುಗಳನ್ನು ಒಂದುಗೂಡಿಸಿತು. ಗಣಿ ಆರಂಭಿಸುವ ಮೊದಲು ಪರಿಸರ ಅನುಮತಿ ಪಡೆಯುವುದು 2006ರ ಅಧಿಸೂಚನೆಯ ವಿಷಯ. ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಸಿದ್ಧಪಡಿಸಿ, ಅದಕ್ಕೆ ಬೇಕಾದ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಕೂಡಿಡುತ್ತಾ ಬರಬೇಕೆಂಬ ಮಾರ್ಗಸೂಚಿಯನ್ನು ಕಲ್ಲಿದ್ದಲು ಸಚಿವಾಲಯ 2009ರಲ್ಲಿ ತಂದಿತು. ಮದುವೆಯಾದ ಮೇಲೆ ಚಪ್ಪರದ ಬಾಡಿಗೆ ಕೊಡದೆ ಹೋಗದಂತೆ ಮುಂಗಡ ಕಟ್ಟಿಸಿಕೊಂಡ ಹಾಗೆ ಎಂದು ವಿವರಿಸಿದಾಗ ಮಕ್ಕಳಿಗೆ ತಕ್ಷಣ ಅರ್ಥವಾಯಿತು.

ಇದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ದೇಶದ ಗಣಿ ಕಾನೂನಿನ ಬೇರಿಗೆ ಕೋಲಾರದ ಮಣ್ಣು ಹತ್ತಿದೆ. 1897ರಲ್ಲಿ ಕೋಲಾರ ಚಿನ್ನದ ಗಣಿಯ ಅಪಘಾತದಲ್ಲಿ 52 ಜನ, 1899ರಲ್ಲಿ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಜನ ಸತ್ತ ಮೇಲೆ 1901ರ ಗಣಿ ಕಾಯ್ದೆ ಬೇಗ ಬಂದಿತು. ಮರುವರ್ಷ ಗಣಿ ತಪಾಸಣೆಗೆ ಪ್ರತ್ಯೇಕ ಕಚೇರಿ ಶುರುವಾಯಿತು. ಅದೇ ಇಂದು ಧನ್‌ಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಕೆಜಿಎಫ್ ಎಂದರೆ ಸಿನಿಮಾ ಎಂದಷ್ಟೇ ತಿಳಿದಿದ್ದ ತರಗತಿಗೆ ಇದು ಹೊಸ ವಿಷಯ. 2001ರಲ್ಲಿ ಮುಚ್ಚಿದ ಆ ಗಣಿಯ ಸೈನೈಡ್ ದಿಬ್ಬಗಳು ಊರ ನಡುವೆ ಉಳಿದುಕೊಂಡದ್ದು, ಮುಚ್ಚುವ ಯೋಜನೆ ಮೊದಲೇ ಏಕಿರಬೇಕು ಎಂಬುದಕ್ಕೆ ಹತ್ತಿರದ ಉದಾಹರಣೆ.

ಮೌಲ್ಯಮಾಪನ

ನೆನಪಿನ ಪ್ರಶ್ನೆಗಳ ಬದಲು ಸನ್ನಿವೇಶಗಳನ್ನು ಕೊಟ್ಟೆ.

1. ಮೀಟರಿನಲ್ಲಿ ಮೀಥೇನ್ ಶೇ. 1.3 ತೋರಿಸುತ್ತಿದೆ. ಪಾಳಿ ಮುಗಿಯಲು ಅರ್ಧ ಗಂಟೆ ಇದೆ. ಮೇಲ್ವಿಚಾರಕರು ಏನು ಮಾಡಬೇಕು? ಕಾರಣ ಕೊಡಿ.

2. ಹೊಸ ಸುರಂಗದಿಂದ 50 ಮೀಟರ್ ಆಚೆ ಹಳೆಯ ಗಣಿಯಿದೆ. ಅದರಲ್ಲಿ ನೀರಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಮುಂದಿನ ಮೂರು ಕೆಲಸಗಳನ್ನು ಕ್ರಮವಾಗಿ ಬರೆಯಿರಿ.

3. ಗಣಿಯಿಂದ ಕಲ್ಲಿದ್ದಲು ಪೂರ್ತಿ ಮುಗಿಯಿತು. ಗಣಿ ನಡೆಸಿದವರ ಹೊಣೆಯೂ ಮುಗಿಯಿತೇ?

4. ಗಣಿ ಕಾರ್ಮಿಕರೊಬ್ಬರಿಗೆ ವರ್ಷಗಳ ನಂತರ ಶ್ವಾಸಕೋಶದ ಕಾಯಿಲೆ ಬಂತು. ಅದನ್ನು ಮೊದಲೇ ಗುರುತಿಸಲು ಆಡಳಿತ ಏನು ಮಾಡಬೇಕಿತ್ತು?

ನಾಲ್ಕನೆಯದಕ್ಕೆ ಧೂಳು ಅಳೆಯುವುದು, ನೀರು ಸಿಂಪಡಿಸುವುದು, ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ನಿಯತವಾಗಿ ವೈದ್ಯಕೀಯ ಪರೀಕ್ಷೆ ಮಾಡಿಸುವುದು ಎಂಬ ಉತ್ತರಗಳು ಬಂದವು. ಎರಡನೆಯದಕ್ಕೆ ಹೆಚ್ಚಿನವರು ‘ಕೆಲಸ ನಿಲ್ಲಿಸಬೇಕು, ನಕ್ಷೆ ನೋಡಬೇಕು, ಅನುಮತಿ ಪಡೆದು ರಂಧ್ರ ಕೊರೆಯಬೇಕು’ ಎಂದು ಬರೆದಿದ್ದರು. ಮೂರನೆಯದಕ್ಕೆ ಒಂದು ಉತ್ತರ ನನ್ನ ದಿನಚರಿಯಲ್ಲಿದೆ: ‘ಇಲ್ಲ. ಕಲ್ಲಿದ್ದಲು ಹೋಯಿತು, ತಗ್ಗು ಅಲ್ಲೇ ಇದೆ.’

ಆತ್ಮಾವಲೋಕನ

ಪಾಠದಲ್ಲಿ ಕೊರತೆಗಳೂ ಇದ್ದವು. ಎರಡನೇ ಅವಧಿಗೆ ವಿಷಯ ಹೆಚ್ಚಾಯಿತು. ಕಾನೂನಿನ ವರ್ಷಗಳನ್ನು ನಾನು ಹೇಳಿದಷ್ಟು ಹೇಳಬೇಕಿರಲಿಲ್ಲ. ಅದಕ್ಕಿಂತ ಮುಖ್ಯವಾದುದು, ಕೊನೆಯಲ್ಲಿ ಒಬ್ಬ ಹುಡುಗ, “ಅಂದ್ರ ಕೆಲ್ಸದವ್ರು ಏನೂ ಮಾಡೋದು ಬ್ಯಾಡೇನ್ರಿ?” ಎಂದ. ಒಂದು ಅತಿಯಿಂದ ಇನ್ನೊಂದು ಅತಿಗೆ ನಾನೇ ತಳ್ಳಿದ್ದೆ. ಗಣಿಗೆ ಬೆಂಕಿಪೊಟ್ಟಣ, ಬೀಡಿ ಒಯ್ಯದಿರುವುದು, ಹೆಲ್ಮೆಟ್ ಮತ್ತು ಬೂಟು ಧರಿಸುವುದು, ಫ್ಯಾನ್, ಗೋಡೆ, ಆಧಾರಕಂಬಗಳನ್ನು ಮುಟ್ಟದಿರುವುದು ಕಾರ್ಮಿಕರ ಕರ್ತವ್ಯ. ಅದರ ಜೊತೆಗೆ ಸುರಕ್ಷತಾ ಸಮಿತಿಯಲ್ಲಿ ಅವರ ಪ್ರತಿನಿಧಿಗಳೂ ಇರುತ್ತಾರೆ, ಅವರು ಪ್ರಶ್ನೆ ಕೇಳಬಹುದು. ಮುಂದಿನ ಸಲ ಕಪ್ಪುಹಲಗೆಯಲ್ಲಿ ನಾಲ್ಕನೇ ಕಂಬಸಾಲು ಇರುತ್ತದೆ: ‘ಕಾರ್ಮಿಕರು ಏನು ಮಾಡಬೇಕು, ಏನು ಕೇಳಬೇಕು?’

ಮಾರ್ಗದರ್ಶಕ ಶಿಕ್ಷಕಿಯವರ ಅನುಮತಿ ಪಡೆದು ಮರುದಿನ ‘ಎ’ ವಿಭಾಗಕ್ಕೆ ಹದಿನೈದು ನಿಮಿಷ ಹೋದೆ. “ಮೊನ್ನೆ ನೀವು ಹೇಳಿದ ಉತ್ತರವನ್ನು ನಾನು ಒಪ್ಪಬಾರದಿತ್ತು. ತಪ್ಪು ನನ್ನದು” ಎಂದು ಹೇಳಿ, ಆ ಹುಡುಗಿಯ ಪ್ರಶ್ನೆಯನ್ನು ಮತ್ತೆ ಕೇಳಿದೆ. ಬಾಟಲಿ ತಂದಿದ್ದೆ, ನಕ್ಷೆ ಬರೆಸಿದೆ, 60 ಮೀಟರಿನ ನಿಯಮ ಹೇಳಿದೆ. ಅವಳು ಕೊನೆಗೆ, “ಹಂಗಾರ ನಕ್ಷೆ ಇಟ್ಕೊಂಡವ್ರು ನೋಡ್ಬೇಕಿತ್ರಿ” ಎಂದಳು.

ಇದು ಗಣಿಗೆ ಮಾತ್ರ ಅನ್ವಯಿಸುವ ಮಾತಲ್ಲ. ನಮ್ಮ ಮಕ್ಕಳಲ್ಲಿ ಹಲವರು ನಾಳೆ ಕ್ವಾರಿಗೆ, ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಅವನ್ನು ನಡೆಸುವವರೂ ಆಗುತ್ತಾರೆ. ಅಪಘಾತದ ಸುದ್ದಿ ಬಂದಾಗ ‘ಅವನು ನೋಡಿಕೊಳ್ಳಬೇಕಿತ್ತು’ ಎನ್ನುವ ಮೊದಲು ‘ನೋಡುವ ಸಾಧನ ಯಾರ ಕೈಯಲ್ಲಿತ್ತು?’ ಎಂದು ಕೇಳುವ ಅಭ್ಯಾಸವನ್ನು ವಿಜ್ಞಾನದ ತರಗತಿ ಕಲಿಸಬಲ್ಲದು. ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ರಟ್ಟಿನ ಪೆಟ್ಟಿಗೆ, ಮೇಣದಬತ್ತಿ, ಬಾಟಲಿ, ಸೀಮೆಸುಣ್ಣ ಸಾಕು. ಜೊತೆಗೆ, ಎದ್ದು ನಿಂತು ಪ್ರಶ್ನೆ ಕೇಳಿದ ಮಗುವನ್ನು ‘ಕೂತ್ಕೋ’ ಎನ್ನದ ಶಿಕ್ಷಕರು ಬೇಕು.